ತೊದಲ್ನುಡಿಯಲ್ಲಿ ನಿಯಮ ಅರಸಿದ ರೋಮನ್ ಯಾಕೋಬ್ಸನ್

ಕಾಗೆಯನ್ನು ತಾದೆ ಎನ್ನುವ, ರೈಲನ್ನು ಲೈಲು ಮಾಡುವ ಎರಡು ವರ್ಷದ ಮಗುವಿನ ಮಾತು ಮನೆಯವರಿಗೆಲ್ಲ ಮುದ್ದು. ವರ್ಷಗಳು ಉರುಳಿದರೂ ಅದು ಹಾಗೆಯೇ ಉಳಿದರೆ ಆತಂಕ. ಈ ತಪ್ಪುಗಳು ಮನಬಂದಂತೆ ಆಗುವವಲ್ಲ, ಅವುಗಳ ಹಿಂದೆ ಕ್ರಮವೊಂದಿದೆ ಎಂದು ಸಾಧಿಸಲು ಹೊರಟವರು ಭಾಷಾವಿಜ್ಞಾನಿ ರೋಮನ್ ಯಾಕೋಬ್ಸನ್. ಆ ವಾದದ ಗ್ರಂಥ ಹುಟ್ಟಿದ್ದು ಅವರು ಜೀವ ಉಳಿಸಿಕೊಳ್ಳಲು ದೇಶದಿಂದ ದೇಶಕ್ಕೆ ಓಡುತ್ತಿದ್ದ ಕಾಲದಲ್ಲಿ.

1896ರಲ್ಲಿ ಮಾಸ್ಕೋದ ಯಹೂದಿ ಕುಟುಂಬದಲ್ಲಿ ಜನಿಸಿದ ಯಾಕೋಬ್ಸನ್, ವಿದ್ಯಾರ್ಥಿಯಾಗಿದ್ದಾಗಲೇ ಮಾಸ್ಕೋ ಭಾಷಾವಿಜ್ಞಾನ ವಲಯವನ್ನು ಕಟ್ಟಿದವರಲ್ಲೊಬ್ಬರು. 1920ರಲ್ಲಿ ಪ್ರಾಗ್‌ಗೆ ತೆರಳಿದರು. 1926ರಲ್ಲಿ ಅಲ್ಲಿ ರೂಪುಗೊಂಡ ವಿದ್ವಾಂಸರ ವಲಯದಲ್ಲಿ ಗೆಳೆಯ ನಿಕೊಲಾಯ್ ತ್ರುಬೆತ್ಸ್‌ಕೊಯ್ ಜತೆಗೂಡಿ ಧ್ವನಿಗಳ ಅಧ್ಯಯನಕ್ಕೆ ಹೊಸ ದಿಕ್ಕು ತೋರಿದರು. ಧ್ವನಿಗೆ ಬೆಲೆ ಬರುವುದು ಮತ್ತೊಂದು ಧ್ವನಿಗಿಂತ ಅದು ಭಿನ್ನವಾಗಿರುವುದರಿಂದ ಎಂಬುದು ಅವರ ನಿಲುವು. ಬರ ಮತ್ತು ಮರ ಬೇರೆಯಾಗುವುದು ಮೂಗಿನಿಂದ ಹೊರಡುವ ಉಸಿರೊಂದರಿಂದ ತಾನೆ?

1938ರಲ್ಲಿ ತ್ರುಬೆತ್ಸ್‌ಕೊಯ್ ತೀರಿಕೊಂಡರು. ಮರುವರ್ಷ ಮಾರ್ಚ್‌ನಲ್ಲಿ ನಾಜಿ ಪಡೆಗಳು ಪ್ರಾಗ್ ಪ್ರವೇಶಿಸಿದವು. ಬ್ರನೋದಲ್ಲಿ ಪ್ರಾಧ್ಯಾಪಕರಾಗಿದ್ದ ಯಾಕೋಬ್ಸನ್ ಡೆನ್ಮಾರ್ಕ್‌ಗೆ, ಅಲ್ಲಿಂದ ನಾರ್ವೆಗೆ ಹೋದರು. 1940ರಲ್ಲಿ ನಾರ್ವೆಯೂ ಹಿಟ್ಲರನ ವಶವಾದಾಗ ಗಡಿ ದಾಟಿ ಸ್ವೀಡನ್ ಸೇರಿದರು.

ಮಕ್ಕಳ ಮಾತು ಮತ್ತು ಅಫೇಸಿಯಾ ಕುರಿತ ಅವರ ಜರ್ಮನ್ ಗ್ರಂಥ 1941ರಲ್ಲಿ ಉಪ್ಸಾಲಾದಲ್ಲಿ ಪ್ರಕಟವಾಯಿತು. ಗಾತ್ರದಲ್ಲಿ ಪುಟ್ಟದು, ಹಂಬಲದಲ್ಲಿ ಬೃಹತ್ತು. ನಾನಾ ಭಾಷೆಗಳ ವಿದ್ವಾಂಸರು ಮಕ್ಕಳ ಮಾತನ್ನು ದಾಖಲಿಸಿದ್ದ ದಿನಚರಿಗಳೇ ಅವರಿಗೆ ಆಧಾರ. ತುಟಿಯ ಪ, ಮ ಮತ್ತು ಬಾಯಿ ಅಗಲಿಸುವ ಆ ಮೊದಲು ಬರುತ್ತವೆ. ದಂತ್ಯಗಳ ಬಳಿಕವೇ ಕಂಠ್ಯಗಳು. ತ, ಪಗಳಂಥ ಸ್ಪರ್ಶಗಳ ಬಳಿಕವೇ ಸ, ಶಗಳಂಥ ಊಷ್ಮಗಳು. ರ ಮತ್ತು ಲ ಬೇರೆಯಾಗುವುದು ತೀರ ತಡವಾಗಿ. ಕಾಗೆ ತಾದೆಯಾಗುವುದು ಈ ಕ್ರಮದಲ್ಲೇ. ಜಗತ್ತಿನ ಭಾಷೆಗಳಲ್ಲಿ ವಿರಳವಾದ ಧ್ವನಿಗಳನ್ನು ಮಗು ಕೊನೆಗೆ ಕಲಿಯುತ್ತದೆ, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಳ್ಳುವ ಅಫೇಸಿಯಾ ರೋಗಿಯಲ್ಲಿ ಅವೇ ಮೊದಲು ಅಳಿಯುತ್ತವೆ ಎಂದೂ ಅವರು ಹೇಳಿದರು.

ಎಲ್ಲವೂ ನಿಲ್ಲಲಿಲ್ಲ. ಕೂಸಿನ ಬಡಬಡಿಕೆಗೂ ನಿಜವಾದ ಮಾತಿಗೂ ಸಂಬಂಧವಿಲ್ಲ ಎಂಬ ಅವರ ಹೇಳಿಕೆಯನ್ನು ನಂತರದ ಧ್ವನಿಮುದ್ರಣಗಳು ಅಲ್ಲಗಳೆದವು. ಮಗುವಿನಿಂದ ಮಗುವಿಗೆ, ಭಾಷೆಯಿಂದ ಭಾಷೆಗೆ ಕ್ರಮ ವ್ಯತ್ಯಾಸವಾಗುವುದೂ ಕಂಡುಬಂತು. ಆದರೂ ತಪ್ಪು ಉಚ್ಚಾರವನ್ನು ಮಗುವಿನ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ ಎಂಬ ಅರಿವು ಬೇರೂರಲು ಈ ಗ್ರಂಥದ ಪಾಲು ದೊಡ್ಡದು. ಇಂಗ್ಲಿಷಿಗೆ ಅದು ಬಂದದ್ದು 1968ರಲ್ಲಿ.

1941ರಲ್ಲೇ ಹಡಗು ಹತ್ತಿ ನ್ಯೂಯಾರ್ಕ್ ತಲುಪಿದ ಯಾಕೋಬ್ಸನ್, ಅಲ್ಲಿ ಮಾನವಶಾಸ್ತ್ರಜ್ಞ ಲೆವಿ-ಸ್ತ್ರಾಸ್ ಅವರ ಚಿಂತನೆಯ ಮೇಲೆ ಗಾಢ ಪ್ರಭಾವ ಬೀರಿದರು. 1949ರಿಂದ ಹಾರ್ವರ್ಡ್‌ನಲ್ಲಿ ಬೋಧಿಸಿದರು. 1960ರ ಸುಮಾರಿಗೆ ಮತ್ತೆ ಮಕ್ಕಳ ಮಾತಿನತ್ತ ಹೊರಳಿ, ತಾಯಿ-ತಂದೆಯರನ್ನು ಕರೆಯುವ ಪದಗಳು ಲೋಕದಾದ್ಯಂತ ಏಕೆ ಹೋಲುತ್ತವೆ ಎಂದು ವಿವರಿಸಿದರು. ಮೊಲೆಯುಣ್ಣುವಾಗ ಬಾಯಿ ಮುಚ್ಚಿದ್ದು, ಮಗುವಿಗೆ ಮೂಗಿನಿಂದಷ್ಟೇ ದನಿ ಹೊರಡಿಸಲು ಸಾಧ್ಯ; ಆ ಗುನುಗೇ ಹಸಿವಿನ, ಮುಂದೆ ತಾಯಿಯ ಕರೆಯಾಗುತ್ತದೆ ಎಂಬುದು ಅವರ ಊಹೆ. ಕನ್ನಡದ ಅಮ್ಮ, ಅಪ್ಪ ಇದಕ್ಕೆ ಸೊಗಸಾಗಿ ಒಪ್ಪುತ್ತವೆ. ಪಕ್ಕದ ತುಳುವಿನಲ್ಲಿ ಮಾತ್ರ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ! ಇಂಥ ಅಪವಾದಗಳಿಂದಲೇ ಇದು ಕಟ್ಟುನಿಟ್ಟಿನ ನಿಯಮವಲ್ಲ, ಬಲವಾದ ಒಲವು ಮಾತ್ರ ಎಂಬುದು ತಿಳಿಯುತ್ತದೆ.

1982ರ ಜುಲೈನಲ್ಲಿ ಅವರು ಅಮೆರಿಕದಲ್ಲಿ ನಿಧನರಾದರು. ನಾಲ್ಕು ದಶಕ ಬಾಳಿದ ಆ ನಾಡಿನಲ್ಲಿರುವ ಅವರ ಸಮಾಧಿಯ ಕಲ್ಲು ಅವರನ್ನು ರಷ್ಯನ್ ಭಾಷಾ ವಿದ್ವಾಂಸನೆಂದೇ ಗುರುತಿಸುತ್ತದೆ.