ಸಂಪಿಗೆಯಲ್ಲಿ ಜನಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆ ಎಂಬ ಗ್ರಾಮವೊಂದುಂಟು. ಪುರಾಣಪ್ರಸಿದ್ಧನಾದ ಸುಧನ್ವನ ಚಂಪಕಾಪುರವು ಇದೇ ಎಂದು ಆ ಸೀಮೆಯ ಜನರು ಹೇಳುವರು. ಜೈಮಿನಿ ಭಾರತವನ್ನು ಓದಿದವರಿಗೆ ಆ ಪಟ್ಟಣದ ವೈಭವವು ತಿಳಿದೇ ಇದೆ. ಆದರೆ ಗುಬ್ಬಿಯಿಂದಾಗಲಿ ಕುಣಿಗಲಿನಿಂದಾಗಲಿ ಆ ಕಡೆಗೆ ಪ್ರಯಾಣ ಮಾಡುವವರ ಕಣ್ಣಿಗೆ ಬೀಳುವುದು ಅರಮನೆಯಲ್ಲ. ತೆಂಗಿನ ತೋಟ, ರಾಗಿಯ ಹೊಲ, ಕೆರೆಯ ಏರಿ, ಇಷ್ಟೇ. ಚಂಪಕಾಪುರವನ್ನು ವರ್ಣಿಸುವುದಕ್ಕೆ ನಮ್ಮಲ್ಲಿ ಕವಿಗಳು ಬೇಕಾದಷ್ಟು ಮಂದಿ ಇದ್ದರು. ಸಂಪಿಗೆಯನ್ನು ಕಣ್ಣೆತ್ತಿ ನೋಡುವ ಪಂಡಿತರು ವಿರಳವಾಗಿದ್ದರು. ಅಂತಹ ಕಾಲದಲ್ಲಿ, 1884ನೆಯ ಇಸವಿ ಜನವರಿ 3ರಂದು, ಈ ಗ್ರಾಮದಲ್ಲಿ ಶ್ರೀಕಂಠಯ್ಯನವರು ಜನಿಸಿದರು.

ಅವರ ಮನೆತನವು ಕುಣಿಗಲಿನಿಂದ ಯಡಿಯೂರನ್ನು ದಾಟಿ ಹೋದರೆ ಸಿಕ್ಕುವ ಬೆಳ್ಳೂರಿನದು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯವೆಲ್ಲಾ ಕಾವೇರಿಯ ತೀರದಲ್ಲಿ ಕಳೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎ. ಮುಗಿಸಿ, ಮದರಾಸಿನಲ್ಲಿ ಎಂ. ಎ. ಪದವಿಯನ್ನು ಪಡೆದು, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ಸುಮಾರು 20 ವರ್ಷಗಳ ಕಾಲ ಅಲ್ಲಿಯೇ ಇದ್ದು, ಬಳಿಕ ಸೆಂಟ್ರಲ್ ಕಾಲೇಜಿಗೆ ವರ್ಗವಾಗಿ, 1942ರಲ್ಲಿ ನಿವೃತ್ತರಾದರು. ಉದ್ಯೋಗದ ವಿಷಯವಾಗಿ ಇಷ್ಟು ಸಾಕು.

ಆ ದಿನಗಳಲ್ಲಿ ಇಂಗ್ಲಿಷ್ ಕಲಿತವರು ಕನ್ನಡದಲ್ಲಿ ಒಂದು ಕಾಗದವನ್ನು ಬರೆಯುವುದಕ್ಕೂ ನಾಚುತ್ತಿದ್ದರು. ಇತ್ತ ಕನ್ನಡ ಕಲಿತ ಪಂಡಿತರಾದರೋ ಹದಿನೆಂಟು ವರ್ಣನೆಗಳ ಹಳೆಯ ಚೌಕಟ್ಟಿನೊಳಗೇ ಸಮುದ್ರವನ್ನೂ ಪರ್ವತವನ್ನೂ ಚಂದ್ರೋದಯವನ್ನೂ ಕಾಣುತ್ತಿದ್ದರು. ಸಮುದ್ರವನ್ನು ಎಂದೂ ನೋಡದವರೂ ಸಮುದ್ರವನ್ನು ವರ್ಣಿಸಿದರು. ಮನೆಯ ಹಿಂದಣ ಹಳ್ಳವು ಕಾವ್ಯಕ್ಕೆ ತಕ್ಕುದೆಂದು ಯಾರಿಗೂ ತೋರಲಿಲ್ಲ. ಹಾಗೆಂದು ಸೌಂದರ್ಯದೃಷ್ಟಿಯು ನಾಡಿನಲ್ಲಿ ಸತ್ತೇಹೋಗಿತ್ತೆಂದು ಭಾವಿಸಬಾರದು. ಕುಣಿಗಲಿನ ಕೆರೆಯನ್ನು ಕುರಿತ ಜನಪದದ ಹಾಡನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಅದನ್ನು ಕಟ್ಟಿದವರ ಹೆಸರೇ ಯಾರಿಗೂ ತಿಳಿಯದು. ಓದುಬರಹವಿಲ್ಲದವರ ಬಾಯಲ್ಲಿ ಉಳಿದಿದ್ದ ಈ ದೃಷ್ಟಿಯು ಓದಿದವರ ಲೇಖನಿಗೆ ಬಾರದೆ ಹೋಗಿದ್ದುದೇ ಆಗಿನ ಕೊರತೆ.

ಶ್ರೀಕಂಠಯ್ಯನವರು ತರಗತಿಯಲ್ಲಿ ಬೋಧಿಸುತ್ತಿದ್ದುದು ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದವರ ಕವಿತೆಗಳನ್ನು. ಆ ಕವಿಗಳು ಹೊಲದ ದಾರಿಯಲ್ಲಿಯೂ ಉಳುವವನ ಮಾತಿನಲ್ಲಿಯೂ ಕಾವ್ಯವನ್ನು ಕಂಡವರು. ಅವರನ್ನು ಓದಿಸುತ್ತಾ ಓದಿಸುತ್ತಾ, ನಮ್ಮ ಹೊಲಕ್ಕೆ, ನಮ್ಮ ಒಕ್ಕಲಿಗನ ಮಾತಿಗೆ ಇದೇ ಭಾಗ್ಯವು ಏಕೆ ಬರಬಾರದೆಂಬ ಚಿಂತೆಯು ಇವರನ್ನು ಹಿಡಿಯಿತು. 1911ರಲ್ಲಿ ಧಾರವಾಡದ ಕರ್ಣಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಅವರ ಪುಸ್ತಕವು ಪ್ರಕಟವಾಯಿತು.

ಹೆಸರು ಇಂಗ್ಲಿಷಾದರೂ ಪುಸ್ತಕದ ನೆಲವು ಕನ್ನಡದ್ದೇ. ಕ್ಯಾಂಬೆಲ್ ಕವಿಯು ಬರೆದ ಸ್ಕಾಟ್ಲೆಂಡಿನ ಕಥೆಯೊಂದನ್ನು ನೋಡಿರಿ. ಒಬ್ಬ ನಾಯಕನ ಮಗಳು ತನ್ನ ಪ್ರಿಯನೊಡನೆ ಓಡಿಹೋಗುತ್ತಾ, ಬಿರುಗಾಳಿಗೆ ಸಿಕ್ಕಿ ದೋಣಿಯೊಡನೆ ಮುಳುಗುವಳು. ದಡದಲ್ಲಿ ನಿಂತ ತಂದೆಯ ಕೋಪವು ಗೋಳಾಗಿ ಮಾರ್ಪಡುವುದು. ಶ್ರೀಕಂಠಯ್ಯನವರ ಕೈಯಲ್ಲಿ ಇದು ‘ಕಾರಿಹೆಗ್ಗಡೆಯ ಮಗಳು’ ಆಯಿತು. ಅಲ್ಲಿಯ ನಾಯಕರು ಇಲ್ಲಿ ಗೌಡರೂ ಹೆಗ್ಗಡೆಯರೂ ಆದರು. ದೋಣಿಯವನು ನಮ್ಮ ಅಂಬಿಗನಾದನು. ಓದುವವನಿಗೆ ಇದು ಪರದೇಶದ ಕಥೆಯೆಂದು ತೋರುವುದೇ ಇಲ್ಲ. (ಕೋಪಿಷ್ಠರಾದ ತಂದೆಯರು ಇದನ್ನು ಒಮ್ಮೆ ಓದುವುದು ಒಳ್ಳೆಯದು.) ನ್ಯಾಷ್ ಕವಿಯ ವಸಂತಗೀತೆಯಲ್ಲಿಯಂತೂ ದೇವತೆಗಳಿಲ್ಲ, ರಾಜರಿಲ್ಲ, ನೆಗೆದಾಡುವ ಕುರಿಮರಿ, ಬಿಸಿಲಿಗೆ ಕುಳಿತ ಮುದುಕಿಯರು, ಕೂಗುವ ಹಕ್ಕಿ, ಇವೇ ಅದರ ಸಂಪತ್ತು. ಇದನ್ನೂ ಅವರು ಕನ್ನಡಿಸಿದರು. ಕನ್ನಡ ಶಾಲೆಗಳ ಎಷ್ಟೋ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬೆಳೆದರು. ಸುಂದರವಾದುದನ್ನು ಮಾತ್ರವೇ ಅವರು ಆರಿಸಿಕೊಳ್ಳಲಿಲ್ಲ. ಲಂಡನ್ ನಗರದಲ್ಲಿ ದಿಕ್ಕಿಲ್ಲದೆ ಹೊಳೆಗೆ ಬಿದ್ದು ಸತ್ತ ಹೆಣ್ಣೊಬ್ಬಳನ್ನು ಕುರಿತು ಹುಡ್ ಕವಿಯು ಬರೆದುದನ್ನು ‘ದುಃಖಸೇತು’ವೆಂದು ಕನ್ನಡಕ್ಕೆ ತಂದರು. ಊರಿನವರು ಮುಖ ತಿರುಗಿಸುವ ಕಡೆಯಲ್ಲಿಯೇ ಕವಿಯು ನಿಂತು ನೋಡುವನೆಂಬುದು ಈ ಪದ್ಯದಲ್ಲಿ ತೋರಿಬರುವಷ್ಟು ಬೇರೆಲ್ಲಿಯೂ ತೋರದೆಂದು ನನ್ನ ಭಾವನೆ. ಕಾರ್ಡಿನಲ್ ನ್ಯೂಮನ್ನರು 1833ರಲ್ಲಿ ಸಮುದ್ರಪ್ರಯಾಣದಲ್ಲಿ ರಚಿಸಿದ ಪ್ರಾರ್ಥನಾಗೀತೆಯೂ ಇವರಿಂದಲೇ ಕನ್ನಡಕ್ಕೆ ಬಂದಿತು. ಮುಂದಿನ ಹೆಜ್ಜೆಗೆ ಸಾಕಾಗುವಷ್ಟು ಬೆಳಕನ್ನು ಬೇಡುವ ಆ ಹಾಡನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾದುದಿಲ್ಲ.

ಇದಕ್ಕಾಗಿ ಪದ್ಯದ ಕಟ್ಟನ್ನೇ ಬದಲಿಸಬೇಕಾಯಿತು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರಲೇಬೇಕೆಂಬ ನಿಯಮವನ್ನು ಬಿಟ್ಟು, ಮಾತ್ರಾಗಣಗಳಿಂದ ಹೊಸ ನಡೆಗಳನ್ನು ಕಟ್ಟಿದರು. ವಿಚಿತ್ರವೇನೆಂದರೆ, ಸರಳವಾದ ಕನ್ನಡಕ್ಕೆ ದಾರಿ ತೋರಿದ ಇವರೇ ಗ್ರೀಕ್ ರುದ್ರನಾಟಕದ ಮಾರ್ಗವನ್ನು ಹಿಡಿದು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಬರೆದಾಗ ಹಳಗನ್ನಡಕ್ಕೆ ಮರಳಿದರು! ಗಂಭೀರವಾದ ದುಃಖಕ್ಕೆ ಆ ಭಾಷೆಯೇ ತಕ್ಕುದೆಂದು ಅವರಿಗೆ ತೋರಿರಬೇಕು. ಓದುವವರಿಗೆ ಅದು ಕಷ್ಟವಾದುದಂತೂ ನಿಜ.

1928ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1938ರಿಂದ 1943ರವರೆಗೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದು, ಕಾವ, ಜಾಣ ಎಂಬ ಕನ್ನಡ ಪರೀಕ್ಷೆಗಳಿಗೆ ನೆಲೆ ಒದಗಿಸಿದರು. ಕಾಲೇಜಿನ ಮೆಟ್ಟಿಲನ್ನು ಹತ್ತಲಾರದವರಿಗೆ ಇವು ದೊಡ್ಡ ಉಪಕಾರವಾದುವು.

ಅವರ ಶಿಷ್ಯರಲ್ಲಿ ಕುವೆಂಪುರವರನ್ನು ನಾಡೆಲ್ಲಾ ಬಲ್ಲುದು. ಮತ್ತೊಬ್ಬ ಶಿಷ್ಯರಾದ ತೀ. ನಂ. ಶ್ರೀಕಂಠಯ್ಯನವರು ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಗುರುವಿನ ಹೆಸರೂ ಶಿಷ್ಯನ ಹೆಸರೂ ಒಂದೇ ಆದುದರಿಂದ ನಮ್ಮ ಬಾಲಿಕೆಯರು ಉತ್ತರಪತ್ರಿಕೆಗಳಲ್ಲಿ ಒಬ್ಬರ ಗ್ರಂಥವನ್ನು ಮತ್ತೊಬ್ಬರಿಗೆ ಕೊಟ್ಟುಬಿಡುವುದುಂಟು.

ನಿವೃತ್ತಿಯ ತರುವಾಯ ವಿಶ್ರಮಿಸಿಕೊಳ್ಳದೆ 1944ರಲ್ಲಿ ಧಾರವಾಡಕ್ಕೆ ಹೋಗಿ, ಅಲ್ಲಿ ಕೆ. ಇ. ಬೋರ್ಡಿನ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾದರು. ಕನ್ನಡವು ತಲೆಯೆತ್ತಬೇಕೆಂದು 27 ವರ್ಷದ ತರುಣನಾಗಿ ಸಾರಿದ ಊರಿನಲ್ಲಿಯೇ, 1946ನೆಯ ಇಸವಿ ಜನವರಿ 5ರಂದು, 62 ವರ್ಷ ತುಂಬಿದ ಎರಡೇ ದಿನಕ್ಕೆ ಅವರು ತೀರಿಕೊಂಡರು.