ನಂಬಬಹುದಾದ ಕಿಡಿ: ರಾಬರ್ಟ್ ಬಾಷ್ ಜೀವನಗಾಥೆ

ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕಾರು ಬೆಳಗಿನ ಹೊತ್ತು ಹಠ ಹಿಡಿದು ನಿಂತರೆ ಮೆಕ್ಯಾನಿಕ್‌ನ ಕೈ ಮೊದಲು ಹೋಗುವುದು ಪ್ಲಗ್‌ನತ್ತ. ತರಕಾರಿ ವಹಿವಾಟಿಗೆ ಹೆಸರಾದ, ಗುಂಡ್ಲುಪೇಟೆ-ಚಾಮರಾಜನಗರ ರಸ್ತೆಯ ತೆರಕಣಾಂಬಿಯಲ್ಲಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಈ ಕ್ರಮ ಬದಲಾಗದು. ಕಿಡಿ ಬರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ, ಉಳಿದದ್ದೆಲ್ಲ ಆಮೇಲೆ. ಕರ್ನಾಟಕದ ಗ್ಯಾರೇಜುಗಳಲ್ಲಿ ದಶಕಗಳ ಕಾಲ ಆ ಪ್ಲಗ್‌ನ ಮೈಮೇಲೆ ಇದ್ದ ಹೆಸರು ಮೈಕೋ. ಆ ಹೆಸರಿನ ಹಿಂದೆ ಜರ್ಮನಿಯ ಒಬ್ಬ ರೈತನ ಮಗನ ಬದುಕಿದೆ. ಆತನೇ ರಾಬರ್ಟ್ ಬಾಷ್.

ಮೋಟಾರು ವಾಹನವನ್ನು ಕಂಡುಹಿಡಿದವರು ಬಾಷ್ ಅಲ್ಲ. ಆ ಕೀರ್ತಿ ಕಾರ್ಲ್ ಬೆಂಜ್, ಗಾಟ್‌ಲೀಬ್ ಡೈಮ್ಲರ್ ಅವರಿಗೆ ಸಲ್ಲುತ್ತದೆ. ಆದರೆ ಕಂಡುಹಿಡಿದ ವಾಹನವು ಬೇಕೆಂದಾಗ ಹೊರಡುವಂತೆ, ದಾರಿಯಲ್ಲಿ ಕೈಕೊಡದಂತೆ ಮಾಡಿದವರಲ್ಲಿ ಬಾಷ್ ಅಗ್ರಗಣ್ಯರು.

ಹನ್ನೊಂದನೆಯ ಮಗು

ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 23ರಂದು ಬಾಷ್ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ತಂದೆ ಸರ್ವೇಷಿಯಸ್ ಬಾಷ್ ಅನುಕೂಲಸ್ಥ ರೈತ. ಜೊತೆಗೆ ಹೆದ್ದಾರಿಯ ಬದಿಯಲ್ಲಿ ಒಂದು ಛತ್ರವನ್ನೂ ನಡೆಸುತ್ತಿದ್ದರು. ಆ ಕಾಲದ ಹಳ್ಳಿಯ ಮಟ್ಟಿಗೆ ಓದು ಬಲ್ಲವರು, ಉದಾರ ವಿಚಾರದವರು.

ಶಾಲೆಯಲ್ಲಿ ಬಾಷ್ ಮಿಂಚಲಿಲ್ಲ. 1876ರಲ್ಲಿ ಉಲ್ಮ್‌ನ ಕುಶಲಕರ್ಮಿಯೊಬ್ಬರ ಬಳಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಅಲ್ಲಿ ದೊರೆತ ತರಬೇತಿ ಅವರಿಗೆ ತೃಪ್ತಿ ನೀಡಲಿಲ್ಲ. ಚೆನ್ನಾಗಿ ಕಲಿಸದ ಯಜಮಾನ ಕಲಿಯುವವನ ಆಯುಷ್ಯವನ್ನು ಹಾಳುಮಾಡುತ್ತಾನೆ ಎಂಬ ಅರಿವು ಅಲ್ಲಿಯೇ ಮೂಡಿತು. ಮುಂದೆ ತಮ್ಮ ಕಾರ್ಖಾನೆಯಲ್ಲಿ ಕಲಿಕೆಯ ಹುಡುಗರಿಗೆಂದೇ ಪ್ರತ್ಯೇಕ ವಿಭಾಗ ತೆರೆದುದರ ಬೇರು ಈ ಅನುಭವದಲ್ಲಿದೆ.

ಹಲವು ಊರುಗಳ ಕಾರ್ಯಾಗಾರಗಳಲ್ಲಿ ದುಡಿದು, ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಕೆಲಕಾಲ ಪಾಠ ಕೇಳಿ, 1884ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕ್‌ನಲ್ಲಿ ಎಡಿಸನ್ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬಳಿಕ ಇಂಗ್ಲೆಂಡಿನ ಸೀಮೆನ್ಸ್ ಸಂಸ್ಥೆಯಲ್ಲಿ ದುಡಿದು ತಾಯ್ನಾಡಿಗೆ ಮರಳಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಸೂಕ್ಷ್ಮ ಯಂತ್ರ ಮತ್ತು ವಿದ್ಯುತ್ ಕೆಲಸಗಳ ಪುಟ್ಟ ಕಾರ್ಯಾಗಾರವೊಂದನ್ನು ತೆರೆದರು. ಕೈಯಲ್ಲಿದ್ದುದು ಹತ್ತು ಸಾವಿರ ಮಾರ್ಕ್. ಜೊತೆಗಿದ್ದುದು ಒಬ್ಬ ಕೆಲಸಗಾರ ಮತ್ತು ಒಬ್ಬ ಓಡಾಟದ ಹುಡುಗ. ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ಕೂರಿಸುವುದು ಮುಂತಾಗಿ ಸಿಕ್ಕ ಕೆಲಸವನ್ನೆಲ್ಲ ಅವರು ಮಾಡಿದರು. ಗಿರಾಕಿಗಳ ಮನೆಗಳಿಗೆ ಸೈಕಲ್ ಏರಿ ಹೋಗುತ್ತಿದ್ದರು. ಮೊದಲ ವರ್ಷಗಳು ಸಾಲದಲ್ಲೇ ಕಳೆದವು. 1890ರ ದಶಕದ ಆರಂಭದಲ್ಲಿ ಕೆಲಸಗಾರರಲ್ಲಿ ಹೆಚ್ಚಿನವರನ್ನು ಕಳುಹಿಸಬೇಕಾದ ಸ್ಥಿತಿಯೂ ಬಂತು.

ಹೊರಡದ ಕಾರಿನ ಕಾಲ

1887ರಲ್ಲಿ ಗಿರಾಕಿಯೊಬ್ಬರು ಒಂದೆಡೆ ಸ್ಥಿರವಾಗಿ ನಿಂತು ಓಡುವ ಎಂಜಿನ್‌ಗೆ ಮ್ಯಾಗ್ನೆಟೊ ಬೇಕೆಂದು ಕೇಳಿದರು. ಆಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಆಡಿಸಿ ವಿದ್ಯುತ್ ಹುಟ್ಟಿಸುವ, ಬ್ಯಾಟರಿಯ ಹಂಗಿಲ್ಲದ ಸಾಧನವದು. ಅದು ಬಾಷ್ ಅವರ ಸೃಷ್ಟಿಯಲ್ಲ. ಡಾಯ್ಟ್ಸ್ ಸಂಸ್ಥೆಯ ಎಂಜಿನ್‌ಗಳಲ್ಲಿ ಆಗಲೇ ಇತ್ತು. ಪೇಟೆಂಟ್ ತೊಡಕಿಲ್ಲವೆಂದು ಖಚಿತಪಡಿಸಿಕೊಂಡ ಅವರು, ಅದನ್ನು ಮೊದಲಿಗಿಂತ ಗಟ್ಟಿಯಾಗಿ, ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಅದೇ ಹೊತ್ತಿನಲ್ಲಿ ಮೋಟಾರು ವಾಹನ ಅಂಬೆಗಾಲಿಡುತ್ತಿತ್ತು. ಸಿಲಿಂಡರಿನೊಳಗಿನ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಬೆಂಕಿ ಹಚ್ಚುವುದೇ ಎಲ್ಲರನ್ನೂ ಕಾಡಿದ ಸಮಸ್ಯೆ. ಡೈಮ್ಲರ್ ಅವರ ಎಂಜಿನ್‌ನಲ್ಲಿ ಸಣ್ಣ ಕೊಳವೆಯೊಂದನ್ನು ಬರ್ನರ್‌ನಿಂದ ಕೆಂಪಗೆ ಕಾಯಿಸಬೇಕಿತ್ತು. ಪೆಟ್ರೋಲ್ ಪಕ್ಕದಲ್ಲೇ ಉರಿಯುವ ಜ್ವಾಲೆ ಅಪಾಯಕಾರಿಯಾಗಿತ್ತು. ಬೆಂಜ್ ಅವರು ಬ್ಯಾಟರಿ ಮತ್ತು ಕಾಯಿಲ್ ಬಳಸಿದರು. ಆದರೆ ಓಡುವಾಗ ಬ್ಯಾಟರಿಯನ್ನು ಮತ್ತೆ ತುಂಬುವ ಏರ್ಪಾಡು ಆಗ ಇರಲಿಲ್ಲ. ಬ್ಯಾಟರಿ ಬರಿದಾದ ಜಾಗದಲ್ಲೇ ಪಯಣವೂ ಮುಗಿಯುತ್ತಿತ್ತು.

1897ರಲ್ಲಿ ಇಂಗ್ಲೆಂಡಿನ ಉದ್ಯಮಿ ಫ್ರೆಡರಿಕ್ ಸಿಮ್ಸ್ ಅವರು ಡಿ ಡಿಯಾನ್-ಬೂಟನ್ ಕಂಪನಿಯ ಮೂರು ಗಾಲಿಯ ಮೋಟಾರು ವಾಹನಕ್ಕೆ ಮ್ಯಾಗ್ನೆಟೊ ಅಳವಡಿಸಲು ಕೇಳಿದರು. ಸ್ಥಿರ ಎಂಜಿನ್‌ಗಳು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿದರೆ ಇದು 1,800 ಸುತ್ತು ತಿರುಗುತ್ತಿತ್ತು. ತಂತಿ ಸುತ್ತಿದ ಭಾರದ ಆರ್ಮೇಚರ್ ಆ ವೇಗಕ್ಕೆ ಆಡಲಾರದು. ಬಾಷ್ ಅವರ ಸಹಾಯಕ ಆರ್ನಾಲ್ಡ್ ಜೇರಿಂಗರ್ ಉಪಾಯ ಕಂಡರು: ಭಾರದ ಭಾಗ ನಿಂತೇ ಇರಲಿ, ಅದರ ಸುತ್ತ ಹಗುರವಾದ ಲೋಹದ ತೋಳೊಂದು ಆಡಲಿ. ಉಪಾಯ ಫಲಿಸಿತು. ಕೆಲಸಗಾರನ ಬುದ್ಧಿಗೆ ಬೆಲೆ ಕೊಡುವ ಬಾಷ್ ಅವರ ರೀತಿಗೆ ಇದು ಒಳ್ಳೆಯ ನಿದರ್ಶನ.

ನಿಜವಾದ ತಿರುವು 1902ರಲ್ಲಿ ಬಂತು. ಎಂಜಿನಿಯರ್ ಗಾಟ್‌ಲಾಬ್ ಹೊನೊಲ್ಡ್ ಅವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅದುವರೆಗೆ ಸಿಲಿಂಡರಿನೊಳಗೆ ಸನ್ನೆಕೋಲುಗಳು ಆಡಿ, ಎರಡು ತುಂಡು ಲೋಹ ಬೇರ್ಪಟ್ಟು ಕಿಡಿ ಹುಟ್ಟಬೇಕಿತ್ತು. ಈಗ ಸಿಲಿಂಡರಿನೊಳಗೆ ಆಡುವ ಭಾಗವೇ ಇಲ್ಲ. ವಿದ್ಯುತ್ತು ಕೂದಲೆಳೆಯಂಥ ಸಂದನ್ನು ತಾನಾಗಿ ಜಿಗಿದು ಕಿಡಿಯಾಗುತ್ತದೆ. ಯಾವ ಕಂಪನಿಯ ಎಂಜಿನ್‌ಗಾದರೂ ಅದನ್ನು ಸುಲಭವಾಗಿ ಕೂರಿಸಬಹುದಿತ್ತು. 1906ರ ಹೊತ್ತಿಗೆ ಒಂದು ಲಕ್ಷ ಮ್ಯಾಗ್ನೆಟೊಗಳು ತಯಾರಾಗಿದ್ದವು. 1913ರಲ್ಲಿ ಸಂಸ್ಥೆಯ ಮಾರಾಟದ ಶೇ. 88ರಷ್ಟು ಜರ್ಮನಿಯ ಹೊರಗೇ ಆಗುತ್ತಿತ್ತು.

ಕಿಡಿಯಿಂದ ಮೊದಲಾಗುವ ತಪಾಸಣೆ

ಹೊರಡದ ಹಳೆಯ ಕಾರಿನ ತಪಾಸಣೆಗೆ ಒಂದು ತರ್ಕವಿದೆ. ಕೀ ತಿರುಗಿಸಿದಾಗ ಸೆಲ್ಫ್ ಬಿರುಸಾಗಿ ತಿರುಗುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಬರಿಯ ಟಿಕ್ ಸದ್ದು ಬಂದು ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಬರಿದಾಗಿರಬೇಕು, ಇಲ್ಲವೇ ಅದರ ಟರ್ಮಿನಲ್‌ಗಳಿಗೆ ಬಿಳಿ ಹಸಿರು ಕಿಲುಬು ಹಿಡಿದಿರಬೇಕು, ಅಥವಾ ಅರ್ಥ್ ಸಡಿಲವಾಗಿರಬೇಕು. ಬಿಸಿನೀರು ಸುರಿದು ಟರ್ಮಿನಲ್ ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಬಾರಿ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪ್ಲಗ್ ಬಿಚ್ಚುವುದು ಮುಂದಿನ ಹೆಜ್ಜೆ. ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಚದುರಿದ ಮೇಲೆ, ಪ್ಲಗ್‌ಗೆ ವೈರ್ ಸಿಕ್ಕಿಸಿ ಅದರ ಲೋಹದ ಮೈ ಎಂಜಿನ್‌ಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಸಬೇಕು. ನೀಲಿ ಬಣ್ಣದ ಗಟ್ಟಿ ಕಿಡಿ ಚಟಪಟಿಸಿದರೆ ವಿದ್ಯುತ್ತಿನ ಹಾದಿ ಬಹುಮಟ್ಟಿಗೆ ಸರಿಯಿದೆ. ದೋಷವನ್ನು ಪೆಟ್ರೋಲ್ ಹಾದಿಯಲ್ಲಿ ಹುಡುಕಬೇಕು. ಪ್ಲಗ್ ಒಣಗಿದ್ದರೆ ಪಂಪ್, ಕಾರ್ಬ್ಯುರೇಟರ್ ಅಥವಾ ಪೈಪಿನಲ್ಲಿ ಕಸ ಕಟ್ಟಿದೆ ಎಂದರ್ಥ. ಪ್ಲಗ್ ತೊಯ್ದು ವಾಸನೆ ಬರುತ್ತಿದ್ದರೆ ಚೋಕ್ ಹೆಚ್ಚಾಗಿ ಪೆಟ್ರೋಲ್ ತುಂಬಿಕೊಂಡಿದೆ ಎಂದು ತಿಳಿಯಬೇಕು.

ಕಿಡಿಯೇ ಇಲ್ಲವಾದರೆ ಅಥವಾ ಹಳದಿಯಾಗಿ ಸೊರಗಿದ್ದರೆ ಹಿಂದಕ್ಕೆ ನಡೆಯಬೇಕು: ಪ್ಲಗ್‌ನಿಂದ ವೈರ್, ವೈರ್‌ನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಪಾಯಿಂಟ್, ಕಂಡೆನ್ಸರ್, ಕೊನೆಗೆ ಕಾಯಿಲ್. ಮಳೆಗಾಲದಲ್ಲಿ ಕ್ಯಾಪಿನೊಳಗೆ ಕೂತ ತೇವ, ಕಣ್ಣಿಗೆ ಕಾಣದ ಬಿರುಕು, ಸುಟ್ಟು ಕಪ್ಪಾದ ಪಾಯಿಂಟ್ ಇವೇ ಹೆಚ್ಚಿನ ಸಂದರ್ಭದಲ್ಲಿ ಅಪರಾಧಿಗಳು. ಒಂದೊಂದನ್ನೇ ಪರೀಕ್ಷಿಸಿ ನಿರಪರಾಧಿಯೆಂದು ಬಿಡುತ್ತ ಹೋದರೆ ಉಳಿಯುವುದೇ ದೋಷ. ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತ ಹೋಗುವವನು ಗಿರಾಕಿಯ ಹಣವನ್ನೂ ನಂಬಿಕೆಯನ್ನೂ ಕಳೆಯುತ್ತಾನೆ.

ಬಾಷ್ ಅವರ ಕಾರ್ಖಾನೆಯ ನಡೆಯೂ ಇದೇ ಆಗಿತ್ತು. ಪರೀಕ್ಷಿಸದ ವಸ್ತು ಹೊರಗೆ ಹೋಗಕೂಡದು. ಹಣ ಹೋದರೂ ಗಿರಾಕಿಯ ವಿಶ್ವಾಸ ಹೋಗಬಾರದು ಎಂಬುದು ಅವರ ನಿಲುವು. ಹೊನೊಲ್ಡ್ 1918ರಲ್ಲಿ ರಚಿಸಿದ, ವೃತ್ತದೊಳಗಿನ ಆರ್ಮೇಚರ್‌ನ ಚಿತ್ರವೇ ಇಂದಿಗೂ ಸಂಸ್ಥೆಯ ಲಾಂಛನ.

ಕೆಂಪು ಬಾಷ್

1906ರಲ್ಲಿ, ಹೆನ್ರಿ ಫೋರ್ಡ್ ಅವರಿಗಿಂತ ಎಂಟು ವರ್ಷ ಮೊದಲೇ, ಬಾಷ್ ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದರು. ಕೂಲಿಯೂ ಇತರೆಡೆಗಿಂತ ಹೆಚ್ಚು. ಯುವಕರಾಗಿದ್ದಾಗ ಸಮಾಜವಾದಿ ಚಿಂತಕ ಕಾರ್ಲ್ ಕೌಟ್ಸ್ಕಿ ಅವರ ನೆರೆಯವರಾಗಿ ಸ್ನೇಹ ಬೆಳೆಸಿದ್ದ ಅವರನ್ನು ಇತರ ಉದ್ಯಮಿಗಳು ಕೆಂಪು ಬಾಷ್ ಎಂದು ಹಂಗಿಸಿದರು. ಇದು ಕೇವಲ ದಯೆಯಲ್ಲ, ಲೆಕ್ಕಾಚಾರವೂ ಹೌದು. ದಣಿಯದ ಕೈಯಿಂದ ತಪ್ಪು ಕಡಿಮೆ. ಎಂಟು ಗಂಟೆಯ ಎರಡು ಪಾಳಿಯಲ್ಲಿ ಯಂತ್ರಗಳೂ ಹೆಚ್ಚು ದುಡಿಯುತ್ತವೆ.

ಆದರೂ 1913ರಲ್ಲಿ ಮುಷ್ಕರ ನಡೆಯಿತು. ಕಾರ್ಖಾನೆ ವಾರಗಟ್ಟಲೆ ಮುಚ್ಚಿತು. ಆ ಕಹಿ ಅವರ ಮನಸ್ಸಿನಲ್ಲಿ ಉಳಿಯಿತು. ಅದುವರೆಗೆ ದೂರವಿಟ್ಟಿದ್ದ ಉದ್ಯಮಿಗಳ ಸಂಘವನ್ನು ಅವರು ಸೇರಿದರು. ಮೊದಲ ಮಹಾಯುದ್ಧದಲ್ಲಿ ಬಂದ ಲಾಭವನ್ನು ಇಟ್ಟುಕೊಳ್ಳಲೊಪ್ಪದೆ ನೆಕಾರ್ ನದಿಯ ಕಾಲುವೆ ಯೋಜನೆ ಸೇರಿದಂತೆ ಸಾರ್ವಜನಿಕ ಕಾರ್ಯಗಳಿಗೆ ನೀಡಿದರು. ಯುದ್ಧದಿಂದಾಗಿ ಅಮೆರಿಕದಲ್ಲಿದ್ದ ಆಸ್ತಿ ಕೈಬಿಟ್ಟುಹೋಯಿತು. 1921ರಲ್ಲಿ, ಉತ್ತರಾಧಿಕಾರಿಯಾಗಬೇಕಿದ್ದ ಮಗ ರಾಬರ್ಟ್ ದೀರ್ಘ ಕಾಯಿಲೆಯಿಂದ ತೀರಿಕೊಂಡನು.

1920ರ ದಶಕದಲ್ಲಿ ಅಗ್ಗದ ಬ್ಯಾಟರಿ ಇಗ್ನಿಷನ್ ಮ್ಯಾಗ್ನೆಟೊವನ್ನು ಮೂಲೆಗೆ ತಳ್ಳಿತು. ಬಾಷ್ ಸಂಸ್ಥೆ 1925ರಲ್ಲಿ ತಾನೂ ಆ ಹಾದಿ ಹಿಡಿಯಿತು. 1926ರ ಮುಗ್ಗಟ್ಟಿನಲ್ಲಿ ಕೆಲಸಗಾರರನ್ನು ಕಡಿತಗೊಳಿಸಬೇಕಾಯಿತು. ಪರಿಹಾರ ಡೀಸೆಲ್‌ನಿಂದ ಬಂತು. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಒತ್ತಡದಿಂದ ಕಾದ ಗಾಳಿಗೆ ಸರಿಯಾದ ಕ್ಷಣದಲ್ಲಿ, ಸರಿಯಾದ ಅಳತೆಯಲ್ಲಿ ಎಣ್ಣೆ ಚಿಮ್ಮಬೇಕು. ಅದಕ್ಕೆ ಬೇಕಾದ ಇಂಜೆಕ್ಷನ್ ಪಂಪಿನ ತಯಾರಿಕೆ 1927ರ ನವೆಂಬರ್‌ನಲ್ಲಿ ಆರಂಭವಾಯಿತು. ಹಳೆಯ ಡೀಸೆಲ್ ಗಾಡಿ ಹೊರಡದಿದ್ದಾಗ ಪಂಪಿನ ಬೋಲ್ಟ್ ಸಡಿಲಿಸಿ, ಪೈಪಿನಲ್ಲಿ ಸೇರಿಕೊಂಡ ಏರ್ ತೆಗೆಯುವ ನಮ್ಮ ಲಾರಿ ಚಾಲಕರ ಪಾಠ ಈ ಪಂಪಿನ ಜೊತೆಗೇ ಬಂದದ್ದು.

ಕತ್ತಲ ವರ್ಷಗಳು

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಬಾಷ್ ಅವರಿಗೆ ಎಪ್ಪತ್ತು ದಾಟಿತ್ತು. ಜರ್ಮನಿ ಮತ್ತು ಫ್ರಾನ್ಸ್ ನಡುವೆ ಸೌಹಾರ್ದ ಬೆಳೆಸಲು ಶ್ರಮಿಸಿದ್ದ ಅವರಿಗೆ ಆ ಆಡಳಿತ ಒಗ್ಗಲಿಲ್ಲ. ನಾಜಿಗಳ ವಿರೋಧಿಯಾದ ಲೈಪ್‌ಸಿಗ್‌ನ ಮಾಜಿ ಮೇಯರ್ ಕಾರ್ಲ್ ಗೋರ್ಡೆಲರ್ ಅವರಿಗೆ 1937ರಿಂದ ಸಂಸ್ಥೆಯಲ್ಲಿ ಸಲಹೆಗಾರರ ಸ್ಥಾನ ನೀಡಿ, ಅದರ ಮರೆಯಲ್ಲಿ ಪ್ರತಿರೋಧದ ಕೆಲಸಕ್ಕೆ ನೆರವಾದರು. ಸಂಸ್ಥೆಯ ಮುಖ್ಯಸ್ಥ ಹಾನ್ಸ್ ವಾಲ್ಟ್ಸ್ ಅವರು ಯಹೂದಿಗಳ ನೆರವಿಗೆ ನಿಂತರು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 1969ರಲ್ಲಿ ಅವರನ್ನು ಗೌರವಿಸಿತು.

ಇದು ಒಂದು ಮುಖ. ಇನ್ನೊಂದು ಮುಖವನ್ನೂ ಹೇಳದೆ ಈ ಜೀವನಗಾಥೆ ಪೂರ್ಣವಾಗದು. ಅದೇ ಕಾರ್ಖಾನೆಗಳು ಹಿಟ್ಲರನ ಸೇನೆಯ ಟ್ರಕ್, ಟ್ಯಾಂಕ್, ವಿಮಾನಗಳಿಗೆ ಬಿಡಿಭಾಗ ಪೂರೈಸಿದವು. ಯುದ್ಧದ ವರ್ಷಗಳಲ್ಲಿ ಯುದ್ಧಕೈದಿಗಳು, ಶಿಬಿರಗಳಿಂದ ತಂದ ಮಹಿಳೆಯರು ಸೇರಿದಂತೆ ಸುಮಾರು 20,000 ಮಂದಿಯನ್ನು ಅಲ್ಲಿ ಬಲವಂತವಾಗಿ ದುಡಿಸಿಕೊಳ್ಳಲಾಯಿತು. ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದವರ ಹೆಸರಿನಡಿಯಲ್ಲೇ ಇದು ನಡೆಯಿತು. ಗುಟ್ಟಾಗಿ ಪ್ರತಿರೋಧಕ್ಕೆ ಹಣ, ಬಹಿರಂಗವಾಗಿ ಯುದ್ಧಕ್ಕೆ ಯಂತ್ರ ಎಂಬ ಈ ಇಬ್ಬಂದಿಯನ್ನು ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲ.

1942ರ ಮಾರ್ಚ್ 12ರಂದು, ಕಿವಿಯ ಸೋಂಕು ಉಲ್ಬಣಿಸಿ ಬಾಷ್ ನಿಧನರಾದರು. ಅವರು ಒಪ್ಪದ ಸರ್ಕಾರವೇ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಗೋರ್ಡೆಲರ್ ಅವರನ್ನು 1945ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಲಾಯಿತು.

ಆಡುಗೋಡಿಯವರೆಗೆ

ಬಾಷ್ ಸಂಸ್ಥೆಯ ಸರಕು 1922ರಲ್ಲೇ ಕಲ್ಕತ್ತಾದ ಏಜೆನ್ಸಿಯ ಮೂಲಕ ಭಾರತಕ್ಕೆ ಕಾಲಿಟ್ಟಿತ್ತು. ಅವರು ತೀರಿಕೊಂಡು ಒಂಬತ್ತು ವರ್ಷಗಳ ಬಳಿಕ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಅದೇ ಮೈಕೋ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಪಂಪ್‌ಗಳು ತಯಾರಾದವು. ಸಾವಿರಾರು ಕನ್ನಡಿಗರ ಮನೆಗಳಿಗೆ ಅದು ಅನ್ನ ನೀಡಿತು. ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಾಗಿ ನಗರದ ನಕ್ಷೆಯಲ್ಲೂ ಉಳಿಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಪ್ಲಗ್ ಎಂದರೆ ಮೈಕೋ ಪ್ಲಗ್ಗೇ.

ತಮ್ಮ ಸಂಪತ್ತು ಲೋಕಹಿತಕ್ಕೆ ಸಲ್ಲಬೇಕೆಂಬುದು ಬಾಷ್ ಅವರ ಇಚ್ಛೆಯಾಗಿತ್ತು. ಅದರಂತೆ 1964ರಲ್ಲಿ ಸಂಸ್ಥೆಯ ಬಹುಪಾಲು ಷೇರುಗಳು ದತ್ತಿಸಂಸ್ಥೆಯ ಪಾಲಾದವು. ಸ್ಟುಟ್‌ಗಾರ್ಟ್‌ನಲ್ಲಿ ಅವರು 1940ರಲ್ಲಿ ತೆರೆದ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಕಾರ್ಬ್ಯುರೇಟರ್, ಪಾಯಿಂಟ್‌ಗಳ ಕಾಲ ಮುಗಿದಿದೆ. ಹೊಸ ಕಾರಿನ ಕಾಯಿಲೆಯನ್ನು ಈಗ ಕಂಪ್ಯೂಟರ್ ಹೇಳುತ್ತದೆ. ವಿದ್ಯುತ್ ಚಾಲಿತ ಕಾರಿಗೆ ಪ್ಲಗ್ಗೇ ಇಲ್ಲ. ಆದರೂ ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷಿಸಿದ ಮೇಲೆ ಮಾತ್ರ ನಂಬಬೇಕೆಂಬ ಬಾಷ್ ಅವರ ಕ್ರಮ ಹಳತಾಗಿಲ್ಲ. ಅದೇ ಪರೀಕ್ಷೆಗೆ ಅವರ ಬದುಕನ್ನು ಒಡ್ಡಿದರೆ ಗಟ್ಟಿ ಕಿಡಿಯೂ ಕಾಣುತ್ತದೆ, ಸುಟ್ಟ ಕಲೆಯೂ ಕಾಣುತ್ತದೆ. ಎರಡನ್ನೂ ಮುಚ್ಚದೆ ನೋಡುವುದೇ ಆ ಹಿರಿಯ ಕುಶಲಕರ್ಮಿಗೆ ಸಲ್ಲಬಹುದಾದ ಪ್ರಾಮಾಣಿಕ ಗೌರವ.