ಪಾರ್ಕ್ ನೋಡದ ಕಬ್ಬನ್

ಇಂಟರ್ನ್‌ಶಿಪ್ ಅಂತ ಬೆಂಗಳೂರಿಗೆ ಹೋದವರೆಲ್ಲ ಕಬ್ಬನ್ ಪಾರ್ಕಲ್ಲಿ ಒಂದು ಫೋಟೋ ಹಾಕಿಯೇ ಇರ್ತೀರಿ. ಆದರೆ ಆ ಕಬ್ಬನ್ ಸಾಹೇಬರು ಆ ಪಾರ್ಕನ್ನು ನೋಡೇ ಇಲ್ಲ. ಅವರು ತೀರಿಕೊಂಡದ್ದು 1861ರಲ್ಲಿ. ಪಾರ್ಕ್ ಆದದ್ದು 1870ರಲ್ಲಿ, ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರ್ ಕೈಯಿಂದ. ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಏನಂದ್ರೆ, ಅವರು ಮೈಸೂರು ಆಳುವ ಹಾಗಾಗಿದ್ದೇ ನಮ್ಮ ಹೊನ್ನಾಳಿ, ಚನ್ನಗಿರಿ ಕಡೆಯ ರೈತರು ತಿರುಗಿಬಿದ್ದಿದ್ದರಿಂದ.

ಮಾರ್ಕ್ ಕಬ್ಬನ್ ಹುಟ್ಟಿದ್ದು ಇಂಗ್ಲೆಂಡ್ ಪಕ್ಕದ ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದಲ್ಲಿ. ತಂದೆ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಲ್ಲಿ ರೆಸಿಡೆಂಟ್ ಆಗಿದ್ದವರು, ಮೈಸೂರಿನ ಇತಿಹಾಸ ಬರೆದವರು. ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆದರು. ನೆಪೋಲಿಯನ್ನನ್ನು ಸೆರೆಯಾಳಾಗಿ ಅಲ್ಲಿಗೆ ತಂದಾಗ ಇದ್ದದ್ದು ಇವರೇ. ಸೋದರಳಿಯ 1800ರಲ್ಲಿ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಬಂದ. ಮುಂದಿನ ವರ್ಷಗಳಲ್ಲಿ ಬಹುಪಾಲು ಕೆಲಸ ಸೈನ್ಯಕ್ಕೆ ದಿನಸಿ, ಎತ್ತು, ಗಾಡಿ ಒದಗಿಸೋ ಇಲಾಖೆಯಲ್ಲಿ. ಯುದ್ಧದ ಹೀರೋ ಏನಲ್ಲ.

ಈಗ ನಮ್ಮ ಕಡೆಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಗೆ 'ಶರತ್ತು' ಅನ್ನೋ ಪದ್ಧತಿ ಇತ್ತು. ಅಮಲ್ದಾರ ಇಷ್ಟು ಹಣ ಕೊಡ್ತೀನಿ ಅಂತ ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದ ಹೋಗುತ್ತೆ. ಇಂಥ ರೂಲ್ ಇಟ್ಟರೆ ಏನಾಗುತ್ತೆ ಅಂತ ಹೇಳೋಕೆ ಎಕನಾಮಿಕ್ಸ್ ಓದಬೇಕಾಗಿಲ್ಲ. ಮಳೆ ಬರಲಿ ಬಿಡಲಿ, ಅವನು ರೈತನನ್ನ ಹಿಂಡ್ತಾನೆ. ಸಾಲದ್ದಕ್ಕೆ ನಗರ ಸೀಮೆಗೆ ಬಂದ ಹೊಸ ಫೌಜುದಾರ ಹಳೇ ಲೆಕ್ಕ ತೆಗೆಸಿ, ಹಿಂದೆ ಮಾಫಿ ಮಾಡಿದ್ದ ಬಾಕಿಯನ್ನೂ ಕೆದಕಿದ. 1830ರಲ್ಲಿ ಚನ್ನಗಿರಿ ಹತ್ತಿರದ ಬಸವಾಪಟ್ಟಣ, ಆಮೇಲೆ ಹೊಳೆಹೊನ್ನೂರು ಅಂತ ರೈತರು ಕೂಟ ಸೇರಿದರು. ಕುಂಸಿ ಕಡೆಯ ಸಾದರ ಮಲ್ಲ ಅನ್ನುವವನು ಬೂದಿ ಬಸವಪ್ಪ ಅಂತ ಹೆಸರಿಟ್ಟುಕೊಂಡು, ತಾನು ಹಳೇ ನಗರದ ಅರಸರ ವಾರಸುದಾರ ಅಂದ. ನಿಜವೋ ಸುಳ್ಳೋ, ಬೇಸತ್ತ ಜನ ಅವನನ್ನೇ ದೊರೆ ಅಂದರು. ಹೊನ್ನಾಳಿ ಕೋಟೆ ದಂಗೆಕೋರರ ಕೈಗೆ ಬಂತು. ಸರ್ಕಾರಿ ದಂಡು ಅದನ್ನ ವಾಪಸ್ ಹಿಡಿದ ಮೇಲೆ ಸಿಕ್ಕವರನ್ನ ಶಿಕಾರಿಪುರದ ದಾರಿಯಲ್ಲಿ ನೇಣಿಗೆ ಹಾಕಿದರು. ನಾವು ಇವತ್ತು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಹೋಗೋ ಸೀಮೆ ಇದು.

ಇದೇ ನೆಪ ಸಾಕಾಯ್ತು. 1831ರ ಅಕ್ಟೋಬರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮಹಾರಾಜರಿಂದ ಆಡಳಿತ ಕಿತ್ತುಕೊಂಡ. ದಂಗೆಗೆ ಕಾರಣ ಏನು ಅಂತ ಹುಡುಕೋಕೆ ನಾಲ್ಕು ಜನರ ಸಮಿತಿ ಮಾಡಿದರು, ಅದರಲ್ಲಿ ಕಬ್ಬನ್ ಒಬ್ಬರು. 1833ರ ಡಿಸೆಂಬರಲ್ಲಿ ವರದಿ ಬಂತು. ಅದನ್ನ ಓದಿದ ಮೇಲೆ ಬೆಂಟಿಂಕ್‌ಗೇ ತಾನು ಆತುರಪಟ್ಟೆ ಅನ್ನಿಸಿ, ರಾಜ್ಯದ ಒಂದು ಭಾಗವನ್ನಾದರೂ ಮಹಾರಾಜರಿಗೆ ವಾಪಸ್ ಕೊಡೋಣ ಅಂದ. ಲಂಡನ್ನಿನವರು ಒಪ್ಪಲಿಲ್ಲ. 1834ರಲ್ಲಿ ಕಬ್ಬನ್ ಕಮಿಷನರ್ ಆದರು. ಹೆಸರಿಗೆ ಕಮಿಷನರ್, ಅಧಿಕಾರ ಗವರ್ನರ್‌ದು. 27 ವರ್ಷ ಅದೇ ಕುರ್ಚಿ!

ರಾಜ್ಯವನ್ನ ನಾಲ್ಕು ಡಿವಿಜನ್ ಮಾಡಿದ್ದರು: ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ. ಜಗಳೂರು ಚಿತ್ರದುರ್ಗದ ಕಡೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ನಗರದ ಕಡೆ. ಇವೆಲ್ಲ ದಾವಣಗೆರೆ ಜಿಲ್ಲೆ ಅಂತ ಒಂದಾದದ್ದು 1997ರಲ್ಲಿ.

ಕಬ್ಬನ್ ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ರಸ್ತೆಯಲ್ಲ, ತೆರಿಗೆ. ಅವರ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆ ರದ್ದಾದವು. ವರ್ಷಕ್ಕೆ ಹತ್ತು ಮುಕ್ಕಾಲು ಲಕ್ಷ ರೂಪಾಯಿ ಬರ್ತಿದ್ದ ತೆರಿಗೆಗಳು. ಏನೇನಿದ್ದವು ಅಂತ ಕೇಳಿ: ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೂ ತೆರಿಗೆ. ಯಾವನೋ ಪಾಳೇಗಾರನ ಕಳೆದ ಕುದುರೆಯನ್ನ ಅಜ್ಜಂದಿರು ಹುಡುಕಿಕೊಡಲಿಲ್ಲ ಅಂತ ಒಂದು ಊರೇ ಹಣ ಕಟ್ಟುತ್ತಿತ್ತು. ನಮ್ಮ ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನ ಮೈಗೆ ಅಂಟಿಸಿಕೊಳ್ಳದೆ ಬೀಸಿಕೊಂಡು ನಡೆದರೂ ಕಟ್ಟಬೇಕಿತ್ತು. ತಮಾಷೆ ಅಲ್ಲ, ಇವೆಲ್ಲ ಸರ್ಕಾರಿ ಕಡತದಲ್ಲೇ ದಾಖಲಾಗಿದ್ದವು. ಜನ ಯಾಕೆ ಕೂಟ ಸೇರಿದರು ಅಂತ ಇನ್ನು ಬೇರೆ ಹೇಳಬೇಕಾ?

ಸಿವಿಲ್‌ನವರಿಗಾಗಿ ಒಂದು ಮಾತು. ಸುಮಾರು 1600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಇವರ ಕಾಲದ ಲೆಕ್ಕ. ಮೈಸೂರಿಗೆ ಲೋಕೋಪಯೋಗಿ ಇಲಾಖೆ ಬಂದದ್ದು 1856ರಲ್ಲಿ. ಅಂದ್ರೆ ಇದರಲ್ಲಿ ಬಹುಪಾಲು ಇಲಾಖೆಯೇ ಇಲ್ಲದಾಗ ಆದದ್ದು.

ಹಾಗಂತ ದೇವರು ಮಾಡಬೇಡಿ. ಕಂದಾಯ, ಪೊಲೀಸು, ನ್ಯಾಯ ಎಲ್ಲವೂ ಅವರೊಬ್ಬರ ಕೈಕೆಳಗೇ ಇತ್ತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ನ್ಯಾಯಕ್ಕೆ ಬೇರೆ ಕಮಿಷನರ್ ಇಡಿಸಬೇಕಾಯ್ತು. ಶಾಲೆಗಳ ವಿಷಯದಲ್ಲಂತೂ ಬಹಳ ತಡ. ಮಹಾರಾಜರು ರಾಜ್ಯ ವಾಪಸ್ ಕೊಡಿ ಅಂತ ಮತ್ತೆ ಮತ್ತೆ ಅರ್ಜಿ ಬರೆದರೂ ಕಬ್ಬನ್ ಅದಕ್ಕೆ ಬೆಂಬಲ ಕೊಡಲಿಲ್ಲ. ದಂಗೆ ತಣ್ಣಗಾಗಿ ಇಪ್ಪತ್ತು ವರ್ಷ ಆದಮೇಲೂ ಬಿಟ್ಟುಕೊಡದಿದ್ದರೆ, ಬಂದದ್ದು ರೈತರಿಗಾಗಿ ಅನ್ನೋ ಮಾತನ್ನ ಎಷ್ಟು ನಂಬೋದು?

ಒಂದು ವಿಷಯದಲ್ಲಿ ಮಾತ್ರ ಮಹಾರಾಜರು ಮತ್ತು ಅವರು ಒಂದೇ ಕಡೆ ನಿಂತರು. 1860ರಲ್ಲಿ ಮೈಸೂರನ್ನ ಮದ್ರಾಸ್ ಸರ್ಕಾರದ ಕೈಕೆಳಗೆ ಹಾಕೋಕೆ ಹೊರಟಾಗ ಇಬ್ಬರೂ ವಿರೋಧಿಸಿದರು. ಕಬ್ಬನ್ ರಾಜೀನಾಮೆಗೇ ಮುಂದಾದರು. ಆ ಪ್ಲಾನ್ ಬಿದ್ದುಹೋಯ್ತು.

ಮರುವರ್ಷ ಆರೋಗ್ಯ ಕೆಟ್ಟು ಊರಿಗೆ ಹೊರಟರು. ಮದುವೆ ಆಗಿರಲಿಲ್ಲ, ಇಲ್ಲಿಗೆ ಬಂದು 60 ವರ್ಷ ದಾಟಿತ್ತು. ಏಪ್ರಿಲಲ್ಲಿ ದಾರಿಮಧ್ಯೆ ಸೂಯೆಜ್‌ನಲ್ಲೇ ತೀರಿಕೊಂಡರು. ಮಣ್ಣಾದದ್ದು ತಮ್ಮ ದ್ವೀಪದಲ್ಲಿ. ಮುಮ್ಮಡಿಯವರು 1868ರಲ್ಲಿ, ರಾಜ್ಯ ಕೈಗೆ ಬರದೆಯೇ ಹೋದರು. ಅದು ಅರಮನೆಗೆ ವಾಪಸ್ ಬಂದದ್ದು 1881ರಲ್ಲಿ, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ. ಅಷ್ಟೊತ್ತಿಗೆ ನಮ್ಮ ರೈತರು ಕೂಟ ಸೇರಿ 51 ವರ್ಷ ಆಗಿತ್ತು.